ಬಸ್ ಟಿಕೆಟ್ ಇಟ್ಟಿದ್ದ ಪುಟ

ಎರಡು ಸಾವಿರದ ಆರನೆಯ ಇಸವಿ. ತುಳಸಿ ಲಗ್ನ ಮುಗಿದು ಊರಲ್ಲೆಲ್ಲ ಮದುವೆ ಮಾತುಕತೆಗಳು ಶುರುವಾಗಿದ್ದವು. ಆ ಬುಧವಾರ ಮಧ್ಯಾಹ್ನ ನಾನು ಎಂದಿನಂತೆ ಬುತ್ತಿ ತೆಗೆದುಕೊಂಡು ರಾಣೆಬೆನ್ನೂರಿನ ನಮ್ಮ ಸೈಕಲ್ ಅಂಗಡಿಗೆ ಹೋದೆ. ನಮ್ಮ ಮನೆಯವರು ಒಂದು ಬೈಕಿನ ಟ್ಯೂಬನ್ನು ನೀರಿನಲ್ಲಿ ಅದ್ದಿ, ಗುಳ್ಳೆ ಎಲ್ಲಿಂದ ಏಳುತ್ತದೆ ಎಂದು ನೋಡುತ್ತಿದ್ದರು. ಬೈಕಿನವರು ಬಾಕಿನ ಮೇಲೆ ಕುಳಿತು ಪುಸ್ತಕ ಓದುತ್ತಿದ್ದರು. ಅವರು ಕರ್ಜಗಿಯ ಚನ್ನಪ್ಪ ಎಂಬ ರೈತರು ಎಂದು ನನಗೆ ಆಮೇಲೆ ಗೊತ್ತಾಯಿತು.

ನಮ್ಮ ಅಂಗಡಿಯ ಪದ್ಧತಿಯೇ ಹಾಗಿತ್ತು. ಪಂಕ್ಚರ್ ತೆಗೆಯುವ ತನಕ ಗಿರಾಕಿ ಸುಮ್ಮನೆ ಕೂರಬಾರದು. ಪಾನಾ, ಇಕ್ಕಳ ಇಡುವ ಹಲಗೆಯ ಮೇಲಿನ ಸಾಲಿನಲ್ಲಿ ಪುಸ್ತಕಗಳಿದ್ದವು. ಕಥೆ, ಕಾದಂಬರಿ ಅಲ್ಲ. ಎಲ್ಲವೂ ನಿಜವಾಗಿ ನಡೆದ ಪ್ರವಾಸ ಮತ್ತು ಸಾಹಸದ ಪುಸ್ತಕಗಳು. ಹಿಮದ ಗುಡ್ಡ ಹತ್ತಿದವರು, ಹಡಗು ಒಡೆದು ನಡುಗಡ್ಡೆಯಲ್ಲಿ ಉಳಿದವರು, ಒಂಟೆಗಳ ಜೊತೆ ಮರುಭೂಮಿ ದಾಟಿದವರು, ಸೈಕಲ್ ಮೇಲೆ ದೇಶ ಸುತ್ತಿದವರು. ಗಿರಾಕಿಯ ಮುಖ ನೋಡಿ ಯಾವುದನ್ನು ಕೊಡಬೇಕು ಎಂದು ಇವರು ತೀರ್ಮಾನಿಸುತ್ತಿದ್ದರು. ಮೊದಲ ಪುಟದಿಂದ ಕೊಡುತ್ತಿರಲಿಲ್ಲ. ನಡುವಿನ ಗಂಡಾಂತರದ ಪುಟ ತೆಗೆದು ಕೈಗಿಡುತ್ತಿದ್ದರು. ಟ್ಯೂಬು ಮತ್ತೆ ಚಕ್ರದೊಳಗೆ ಹೋಗುವ ಹೊತ್ತಿಗೆ ಆ ಮನುಷ್ಯ ಸಮುದ್ರದ ನಡುವೆಯೋ ಹಿಮದ ಬಿರುಕಿನೊಳಗೋ ಸಿಕ್ಕಿಹಾಕಿಕೊಂಡಿರುತ್ತಿದ್ದ. ಆಗ ಇವರು, ಒಯ್ಯಿರಿ, ಓದಿ ತಂದುಕೊಡ್ರಿ ಎನ್ನುತ್ತಿದ್ದರು. ಮುಂದೆ ಏನಾಯಿತು ಎಂದು ಎಷ್ಟು ಕೇಳಿದರೂ ಹೇಳುತ್ತಿರಲಿಲ್ಲ. ಕೊನೆ ಹೇಳಿದರೆ ಪಾಪ ಹತ್ತುತ್ತದೆ ಎಂಬುದು ಅವರ ಮಾತು. ಹೀಗೆ ಪಂಕ್ಚರ್ ತೆಗೆಸಲು ಬಂದು ಓದುಗರಾದವರು ಸುತ್ತಲ ಹಳ್ಳಿಗಳಲ್ಲಿ ಬಹಳ ಮಂದಿ ಇದ್ದರು.

ಆ ದಿನ ಚನ್ನಪ್ಪ ಪುಸ್ತಕದಿಂದ ತಲೆ ಎತ್ತಿ, "ಇದು ಖರೇ ನಡದದ್ದೋ, ಕಟ್ಟಿದ್ದೋ?" ಎಂದು ಕೇಳಿದರು.

"ಖರೇ ರೀ. ಕಟ್ಟಿದ್ದು ಬೇಕಂದ್ರ ನಮ್ಮ ಕಾಕಾನ ಕಡೆ ಕಳಸ್ತೇನಿ, ಕುಂತಲ್ಲೇ ಕಟ್ಟಿಕೊಡ್ತಾನ" ಎಂದರು ನಮ್ಮ ಮನೆಯವರು. ಇಬ್ಬರೂ ನಕ್ಕರು. ಚನ್ನಪ್ಪ ಆ ಪುಸ್ತಕವನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ಹೋದರು.

ಊಟ ಮಾಡುತ್ತ ಇವರು ತಾವು ಓದುತ್ತಿದ್ದ ಪುಸ್ತಕದ ಬಗ್ಗೆ ಹೇಳತೊಡಗಿದರು. ಮೂರು ಜನ ಒಂದು ಹಿಮದ ಬೆಟ್ಟ ಹತ್ತುತ್ತಾರೆ. ಹೊರಡುವಾಗಲೇ, ಹನ್ನೆರಡು ಗಂಟೆಗೆ ಎಲ್ಲಿದ್ದರೂ ಅಲ್ಲಿಂದ ತಿರುಗಬೇಕು ಎಂದು ಮಾತಾಡಿಕೊಂಡಿರುತ್ತಾರೆ. ತುದಿ ಕಣ್ಣೆದುರಿಗೇ ಇದೆ, ಹನ್ನೆರಡು ಆಯಿತು, ಮೂವರೂ ತಿರುಗಿದರು.

"ಮೂರು ಮಂದಿನ ಹೋಗಿದ್ರ? ಕಲ್ಲು ಒಯ್ದಿದ್ರೋ ಇಲ್ಲೋ?" ಎಂದು ನಾನು ಚೇಷ್ಟೆ ಮಾಡಿದೆ. ನಮ್ಮ ಕಡೆ ಒಳ್ಳೆಯ ಕೆಲಸಕ್ಕೆ ಮೂರು ಜನ ಕೂಡಿ ಹೋಗುವುದಿಲ್ಲ, ಹೋದರೆ ಕೆಲಸ ಕೆಡುತ್ತದೆ ಎಂಬ ನಂಬಿಕೆ. ಹೋಗಲೇಬೇಕಾದರೆ ಒಂದು ಸಣ್ಣ ಕಲ್ಲನ್ನು ಜೇಬಿನಲ್ಲಿಟ್ಟುಕೊಂಡು ಅದನ್ನೇ ನಾಲ್ಕನೆಯವರೆಂದು ಲೆಕ್ಕ ಹಿಡಿಯುತ್ತಾರೆ.

ಇವರು ನಕ್ಕರು. ಅಷ್ಟು ದೂರ ಹೋಗಿ ಮುಟ್ಟದೆ ಬಂದರೆ ಏನು ಬಂತು ಎಂದು ನಾನು ಕೇಳಿದೆ.

"ಜೀವ ಬಂತಲ್ಲ. ಈ ಪುಸ್ತಕದಾಗ ಎಲ್ಲಾಕಿಂತ ಚಲೋ ಪುಟ ಅಂದ್ರ ತಿರುಗಿ ಬರೂ ಪುಟ. ಹತ್ತಾಕ ಯಾರಾದ್ರೂ ಹತ್ತತಾರ" ಎಂದರು. ಇನ್ನೂ ಇಳಿಯುವ ದಾರಿಯ ನಲವತ್ತು ಪುಟ ಓದುವುದು ಉಳಿದಿತ್ತು. ಜೇಬಿನಿಂದ ಒಂದು ಬಸ್ ಟಿಕೆಟ್ ತೆಗೆದು ಆ ಪುಟದಲ್ಲಿಟ್ಟು ಪುಸ್ತಕ ಮುಚ್ಚಿದರು. ನಾಳೆ ನಿಶ್ಚಯಕ್ಕೆ ಹೋಗುವುದಿದೆ, ಶುಕ್ರವಾರ ಓದಿ ಮುಗಿಸುತ್ತೇನೆ ಎಂದರು. ನಾನು ಹತ್ತನೆಯ ತರಗತಿ ಓದಿದವಳು. ಆದರೆ ಆ ಸಾಲಿನ ಒಂದು ಪುಸ್ತಕವನ್ನೂ ಅಲ್ಲಿಯವರೆಗೆ ಓದಿರಲಿಲ್ಲ. ಅವರು ಊಟದ ಹೊತ್ತಿಗೆ ಹೇಳುತ್ತಿದ್ದರಲ್ಲ, ಅಷ್ಟು ಸಾಕಾಗಿತ್ತು.

ಮರುದಿನ ನಮ್ಮ ಮನೆಯವರ ಕಾಕಾನ ಮಗ ಮಂಜುನ ನಿಶ್ಚಯ. ಹೆಣ್ಣಿನ ಊರು ತುಂಗಭದ್ರೆಯ ಆಚೆ ದಡದಲ್ಲಿ. ಸೇತುವೆ ಸುತ್ತಿ ಹೋದರೆ ಮುಹೂರ್ತ ತಪ್ಪುತ್ತದೆ ಎಂದು ಮೇಡ್ಲೇರಿ ದಾಟಿ, ಹೊಳೆದಂಡೆಯ ಒಂದು ಹಳ್ಳಿಯ ತನಕ ಟೆಂಪೋದಲ್ಲಿ ಹೋಗಿ ಅಲ್ಲಿಂದ ಹರಗೋಲಿನಲ್ಲಿ ದಾಟುವುದೆಂದು ಕಾಕಾ ಗೊತ್ತುಮಾಡಿದ್ದರು. ಒಟ್ಟು ಹದಿನೈದು ಜನ. ಮಳೆಗಾಲ ಮುಗಿದಿದ್ದರೂ ಹೊಳೆ ತುಂಬಿಯೇ ಇತ್ತು.

ಅಂಬಿಗ ವಯಸ್ಸಾದವನು. ನಮ್ಮನ್ನು ಎಣಿಸಿ, ಹನ್ನೆರಡು ಮಂದಿ ಹತ್ತಿರಿ, ಉಳಿದವರನ್ನು ಎರಡನೇ ಸಲ ಬಂದು ಒಯ್ಯುತ್ತೇನೆ ಎಂದ. ಹಣ್ಣು, ಸೀರೆ, ವೀಳ್ಯದ ತಟ್ಟೆ ಹಿಡಿದವರು ಮುಂದಾಗಿ ಹತ್ತಿದರು. ದಂಡೆಯಲ್ಲಿ ಉಳಿದವರು ನಾವು ಮೂವರು. ನಮ್ಮ ಮನೆಯವರು, ನಾನು, ಇವರ ಅಕ್ಕ ಶಾಂತಕ್ಕ. ಶಾಂತಕ್ಕ ಹಾವೇರಿಗೆ ಕೊಟ್ಟ ಹೆಣ್ಣುಮಗಳು, ನಿಶ್ಚಯಕ್ಕೆಂದೇ ಬಂದಿದ್ದರು. ನೀವು ನಡೆಯಿರಿ, ನಾವು ಹಿಂದಿನಿಂದ ಬರುತ್ತೇವೆ ಎಂದು ಇವರು ಕೈ ಬೀಸಿದರು.

ಹರಗೋಲಿನಲ್ಲಿ ಕುಳಿತಿದ್ದ ಕಾಕಾನ ಮುಖ ಬದಲಾಯಿತು. "ಮೂರು ಮಂದಿ ಉಳೀತೀರೇನು? ಇಂಥಾ ಕೆಲಸದಾಗ ಮೂರು ಮಂದಿ ಹೊಳಿ ದಾಟಬಾರದು. ಬರ್ರಿ, ಹತ್ರಿ" ಎಂದರು.

"ಕಲ್ಲು ಇಟ್ಕೊಂಡು ಬರ್ತೇವಿ, ಕಾಕಾ. ಬೀಗರು ಕೇಳಿದ್ರ ನಾಕನೇದಾಂವ ಮಾತಾಡೂದು ಕಡಿಮಿ ಅಂತ ಹೇಳ್ತೇನಿ" ಎಂದರು ಇವರು. ಹರಗೋಲಿನಲ್ಲಿದ್ದವರು ನಕ್ಕರು. ಕಾಕಾ ನಗಲಿಲ್ಲ. ಮಗನ ನಿಶ್ಚಯದಲ್ಲಿ ಕಲ್ಲು ಗಿಲ್ಲು ಬೇಡ ಎಂದರು. ಹಾಗಾದರೆ ಇನ್ನೊಬ್ಬರು ಇಳಿಯಿರಿ, ನಾವು ನಾಲ್ಕಾಗುತ್ತೇವೆ ಎಂದು ಇವರು ಕೇಳಿದರು. ಯಾರೂ ಇಳಿಯಲಿಲ್ಲ. ಶುಭಕ್ಕೆ ಮುಂದಿಟ್ಟ ಹೆಜ್ಜೆ ಹಿಂದೆ ತೆಗೆಯಬಾರದು ಎಂದು ಯಾರೋ ಹಿರಿಯರು ಅಂದರು. ಹದಿನೈದು ಮಂದಿ ಬೇಡ ಎಂದು ಅಂಬಿಗ ಎರಡು ಸಲ ಹೇಳಿದ. ಕಾಕಾ ಅವನಿಗೆ ಸುಮ್ಮನಿರಲು ಹೇಳಿದರು.

ನಮ್ಮ ಮನೆಯವರು ದಂಡೆಯಿಂದ ಕದಲಲಿಲ್ಲ. ಆಗ ಕಾಕಾ ಎಲ್ಲರಿಗೂ ಕೇಳುವಂತೆ, "ನೋಡ್ರಿ, ಜಗತ್ತ ಸುತ್ತಿದಾಂವ. ಅಂಗಡ್ಯಾಗ ಕುಂತು ಸಮುದ್ರ ದಾಟತಾನ, ಇಲ್ಲಿ ಮಳಕಾಲುದ್ದ ನೀರಿಗೆ ಹೆದರ್ಯಾನ" ಎಂದರು. ಈಗ ಜೋರಾಗಿ ನಗು ಬಂತು. ಮಂಜುನೂ ನಕ್ಕ. ಆಚೆ ದಡದಲ್ಲಿ ಬೀಗರ ಕಡೆಯವರು ಬಂದು ನಿಂತಿದ್ದು ಕಾಣುತ್ತಿತ್ತು. ನನಗೆ ನಾಚಿಕೆಯಾಯಿತು. ನನ್ನ ಗಂಡನನ್ನು ನೋಡಿ ಇಷ್ಟು ಜನ ನಗುತ್ತಿದ್ದಾರಲ್ಲ ಎಂದು.

"ಹತ್ತಿಬಿಡ್ರಿ ಸಾಕು. ಎಲ್ಲಾರೂ ನೋಡಾಕತ್ತಾರ" ಎಂದೆ.

ಅವರು ನನ್ನನ್ನು ನೋಡಿದರು. ಸಿಟ್ಟಿನಿಂದ ಅಲ್ಲ. ಚಪ್ಪಲಿ ಬಿಟ್ಟರು, ನನಗೂ ಅಕ್ಕನಿಗೂ ಬಿಡಲು ಹೇಳಿದರು. ಹತ್ತುವ ಮೊದಲು ತಗ್ಗಿದ ದನಿಯಲ್ಲಿ, "ನಿರಗಿ ಮ್ಯಾಲ ಸಿಗಸು. ಏನರ ಆದ್ರ ಹರಗೋಲ ಅಂಚು ಹಿಡಿ. ಮನಿಷಾರನ್ನ ಹಿಡೀಬ್ಯಾಡ, ನನ್ನೂ ಹಿಡೀಬ್ಯಾಡ" ಎಂದರು. ಬೀಗರ ಮುಂದೆ ಸೀರೆ ಎತ್ತಿ ಕಟ್ಟುವುದೇ ಎಂದು ನಾನು ಗೊಣಗಿದೆ. ಆದರೂ ಸಿಕ್ಕಿಸಿದೆ.

ಆಚೆ ದಡ ಇನ್ನು ಇಪ್ಪತ್ತು ಮಾರು ಇದ್ದಾಗ ಒಂದು ಕಡೆಯಿಂದ ನೀರು ಒಳಗೆ ಬಂತು. ಸೀರೆ, ತಟ್ಟೆ ತೊಯ್ಯುತ್ತವೆ ಎಂದು ಆ ಕಡೆ ಇದ್ದವರೆಲ್ಲ ಈ ಕಡೆ ಸರಿದರು. ಹರಗೋಲು ಮಗುಚಿತು. ನನ್ನ ಮೂಗು, ಬಾಯಿಗೆ ನೀರು ಹೋಯಿತು. ಕೈಗೆ ಬಿದಿರಿನ ಅಂಚು ಸಿಕ್ಕಿತು, ಹಿಡಿದೆ. ಮಗುಚಿದ ಹರಗೋಲು ಮುಳುಗುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲ, ಅವರಿಗೆ ಗೊತ್ತಿತ್ತು. ಅವರು ಶಾಂತಕ್ಕನ ರಟ್ಟೆ ಹಿಡಿದು ಎಳೆದುತಂದು, ಅಕ್ಕನ ಕೈಯನ್ನು ನನ್ನ ಕೈಯ ಪಕ್ಕಕ್ಕೆ ಇಟ್ಟರು. ತಾವೂ ಹಿಡಿಯುವುದರಲ್ಲಿದ್ದರು. ಅಷ್ಟರಲ್ಲಿ ಕಾಕಾ ಹಿಂದಿನಿಂದ ಅವರ ಕುತ್ತಿಗೆಯನ್ನು ಎರಡೂ ಕೈಯಿಂದ ತಬ್ಬಿಕೊಂಡರು. ಇಬ್ಬರೂ ಕೆಳಗೆ ಹೋದರು. ಸ್ವಲ್ಪ ದೂರದಲ್ಲಿ ಕಾಕಾ ಒಬ್ಬರೇ ಮೇಲೆ ಬಂದರು.

ಆಚೆ ದಡದ ಮೀನುಗಾರರು ನಮ್ಮನ್ನೆಲ್ಲ ಎಳೆದು ಹಾಕಿದರು. ಅಂಬಿಗನೂ ಬದುಕಿದ, ನಮ್ಮಲ್ಲಿ ಹದಿನಾಲ್ಕು ಜನ ಉಳಿದೆವು. ನಮ್ಮ ಮನೆಯವರು ಮರುದಿನ ಮುಂಜಾನೆ ಸಿಕ್ಕರು.

ಕಾಕಾ ತಬ್ಬಿಕೊಂಡಿದ್ದನ್ನು ನಾನು ಅಪರಾಧ ಎನ್ನುವುದಿಲ್ಲ. ಮುಳುಗುವವನು ಹುಲ್ಲುಕಡ್ಡಿಯನ್ನೂ ಹಿಡಿಯುತ್ತಾನೆ. ನನ್ನ ಸಿಟ್ಟು ಇರುವುದು ಅವರು ಮೈ ಒರೆಸಿಕೊಂಡ ಮೇಲೆ ಆಡಿದ ಮಾತಿನ ಮೇಲೆ. ಮಣ್ಣಾದ ದಿನದಿಂದಲೇ, ಮಾತಾಡಿಸಲು ಬಂದವರ ಮುಂದೆಲ್ಲ ಕಾಕಾ ಒಂದೇ ಕಥೆ ಹೇಳತೊಡಗಿದರು. ಆ ಸುಡುಗಾಡು ಪುಸ್ತಕ ಓದಿ ಓದಿ ನಮ್ಮ ಈರಣ್ಣನಿಗೆ ಸಾಹಸದ ಹುಚ್ಚು ಹತ್ತಿತ್ತು, ಹರಗೋಲಿನ ಅಂಚಿನ ಮೇಲೆ ನಿಂತು ಕಸರತ್ತು ತೋರಿಸಲು ಹೋದ, ಅದಕ್ಕೇ ಮಗುಚಿತು ಎಂದು. ನಾನು ಮೂಲೆಯಲ್ಲಿ ಕಂಬಳಿಯ ಮೇಲೆ ಕುಳಿತು ಕೇಳುತ್ತಿದ್ದೆ. ಹೊಸದಾಗಿ ವಿಧವೆಯಾದವಳು ಬಾಯಿ ತೆಗೆಯಬಾರದು. ಹರಗೋಲಿನಲ್ಲಿದ್ದವರು ಯಾರೂ ಅಲ್ಲ ಎನ್ನಲಿಲ್ಲ. ಹೌದು ಹೌದು ಎಂದು ತಲೆಯಾಡಿಸಿದರು. ತಪ್ಪನ್ನು ಪುಸ್ತಕದ ಮೇಲೆ ಹಾಕಿದರೆ ಎಲ್ಲರೂ ಪಾರಾಗುತ್ತಿದ್ದರು.

ಮಾತು ಊರಿಂದ ಊರಿಗೆ ಹೋಯಿತು. ಒಂದು ವಾರದಲ್ಲಿ ಪುಸ್ತಕಗಳು ತಾವಾಗಿಯೇ ವಾಪಸ್ ಬರತೊಡಗಿದವು. ಅಂಗಡಿಯ ಮುಚ್ಚಿದ ಬಾಗಿಲ ಮುಂದೆ ಒಬ್ಬರು ಇಟ್ಟು ಹೋದರು. ಇನ್ನೊಬ್ಬರು ಮನೆಗೇ ಬಂದು, ಮನೆಯಲ್ಲಿ ಬೆಳೆಯುವ ಹುಡುಗರಿದ್ದಾರೆ, ಇದು ಬೇಡ ಎಂದು ಹೊಸ್ತಿಲಿನ ಆಚೆಯಿಂದಲೇ ಚಾಚಿದರು. ಇವರ ಕೈಯಿಂದ ಖುಷಿಯಿಂದ ಒಯ್ದವರೇ ಅವರೆಲ್ಲ.

ದಿನಕರ್ಮ ಮುಗಿದ ಮೇಲೆ ಮಕ್ಕಳಿಲ್ಲದ ನನ್ನನ್ನು ನನ್ನ ಅಣ್ಣ ಬ್ಯಾಡಗಿಗೆ, ತವರಿಗೆ ಕರೆದುಕೊಂಡು ಹೋದ. ನಾನು ಅಲ್ಲಿದ್ದಾಗ ಕಾಕಾ ಅಂಗಡಿ ಖಾಲಿ ಮಾಡಿಸಿದರು. ಸತ್ತವರ ಹಾಸಿಗೆ, ಬಟ್ಟೆ ಕೊಟ್ಟುಬಿಡುವ ರೂಢಿಯಿದೆಯಲ್ಲ, ಹಾಗೆ ಪುಸ್ತಕಗಳನ್ನೂ ಹಾವೇರಿಯ ರದ್ದಿಯವನಿಗೆ ಎತ್ತಿಹಾಕಿದರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಸುದ್ದಿ ಗೊತ್ತಾಗಿ ಅಣ್ಣನ ಜೊತೆ ಹಾವೇರಿಗೆ ಓಡಿದೆ. ಆ ರದ್ದಿ ಅಂಗಡಿಯಲ್ಲಿ ಹಾಳೆ ಹರಿದು ಪೊಟ್ಟಣ ಕಟ್ಟಲು ಕೊಟ್ಟಾಗಿತ್ತು. ಬರೀ ರಟ್ಟುಗಳು ಒಂದು ಮೂಲೆಯಲ್ಲಿ ಬಿದ್ದಿದ್ದವು. ನಾನು ಪ್ರತಿಯೊಂದು ರಟ್ಟನ್ನೂ ತಿರುವಿ ನೋಡಿದೆ. ಆ ಮೂವರ ಪುಸ್ತಕ ಅದರಲ್ಲಿ ಇತ್ತೋ ಇಲ್ಲವೋ ತಿಳಿಯಲಿಲ್ಲ. ಅದರ ಹೆಸರೇ ನನಗೆ ಗೊತ್ತಿರಲಿಲ್ಲ. ಕೇಳಿರಲೇ ಇಲ್ಲ.

ಸುಗ್ಗಿಯಲ್ಲಿ ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಬರುವ ಕಾಲ. ನಾನೂ ಓಣಿಯ ಹೆಂಗಸರ ಜೊತೆ ಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದೆ. ಘಾಟಿಗೆ ಎಲ್ಲರ ಕಣ್ಣಲ್ಲೂ ನೀರು ಇರುತ್ತದೆ, ಯಾರು ಅಳುತ್ತಿದ್ದಾರೆ ಎಂದು ಯಾರೂ ಕೇಳುವುದಿಲ್ಲ. ಅಲ್ಲಿಗೆ ಒಂದು ದಿನ ಕರ್ಜಗಿಯ ಚನ್ನಪ್ಪ ಹುಡುಕಿಕೊಂಡು ಬಂದರು. ಕಾಯಿ ಮಾರಲು ಬಂದವರು. ಅಂಗಿಯೊಳಗಿಂದ ಪುಸ್ತಕ ತೆಗೆದರು. ಇದೂ ಬೇಡವಾಗಿ ವಾಪಸ್ ಬಂತು ಎಂದುಕೊಂಡು ನಾನು ಸಿಟ್ಟಿನಿಂದಲೇ ಕೈ ಚಾಚಿದೆ.

"ಓದಿ ಮುಗಿಸೇನಿ ರೀ. ಮುಂದಿಂದು ಯಾವುದು ಓದಬೇಕಂತ ಕೇಳಾಕ ಅಂಗಡಿಗೆ ಹೋಗಿದ್ದೆ. ಬಾಗಲಾ ಹಾಕಿತ್ತು" ಎಂದರು. ಆಮೇಲೆ, "ಮಂದಿ ಏನೇನೋ ಅಂತಾರ. ಆದ್ರ ಈ ಪುಸ್ತಕ ಓದಿದಾಂವ ಹರಗೋಲ ಅಂಚಿನ ಮ್ಯಾಲ ನಿಂದ್ರೂದಿಲ್ಲ ರೀ. ನಾ ಓದೇನಲ್ಲ" ಎಂದರು.

ಅಷ್ಟು ದಿನಗಳಲ್ಲಿ ಅದನ್ನು ಹೇಳಿದವರು ಅವರೊಬ್ಬರೇ. ಹರಗೋಲಿನಲ್ಲಿ ಇಲ್ಲದವರು, ಒಂದೇ ಸಲ ಪಂಕ್ಚರ್ ತೆಗೆಸಿದವರು.

ಆ ಪುಸ್ತಕವನ್ನು ನಾನು ಎರಡು ದಿನದಲ್ಲಿ ಓದಿದೆ. ಹಡಗು ಒಡೆದು, ಒಂದು ಸಣ್ಣ ದೋಣಿಯಲ್ಲಿ ಉಳಿದ ಏಳು ಜನರದು. ದೋಣಿಗೆ ಎಷ್ಟು ಜನ, ಎಷ್ಟು ಭಾರ ಎಂದು ಅವರು ನಿತ್ಯ ಜಗಳಾಡುತ್ತಾರೆ. ನೀರಿಗೆ ಬಿದ್ದರೆ ದೋಣಿ ಹಿಡಿ, ಒಬ್ಬರನ್ನೊಬ್ಬರು ಹಿಡಿಯಬೇಡಿ ಎಂಬ ಮಾತು ಅದರಲ್ಲಿತ್ತು. ಅದರ ಕೆಳಗೆ ಪೆನ್ಸಿಲ್ಲಿನ ಗೆರೆ ಇತ್ತು. ಇವರ ಗೆರೆ. ನಾನು ಬದುಕಿದ್ದು ಆ ಗೆರೆಯಿಂದ. ಇದನ್ನು ಓದಿ ಸತ್ತ ಎಂದು ಊರು ಹೇಳುತ್ತಿತ್ತು. ಆವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಮರುದಿನದಿಂದ ತೊಟ್ಟು ಬಿಡಿಸುವಲ್ಲಿ ಮಧ್ಯಾಹ್ನದ ಬಿಡುವಿನಲ್ಲಿ ಅದನ್ನು ಗಟ್ಟಿಯಾಗಿ ಓದತೊಡಗಿದೆ. ನಡುವಿನಿಂದಲೇ ಶುರುಮಾಡಿದೆ. ಕೊನೆ ಕೇಳಿದವರಿಗೆ ನಾನೂ ಹೇಳಲಿಲ್ಲ.

ಒಂದು ವರ್ಷದ ಮೇಲೆ ಹಾವೇರಿಯಲ್ಲಿ ಶಾಂತಕ್ಕನ ಹೊಸ ಮನೆಯ ಪೂಜೆ. ಮನಸ್ಸಿಲ್ಲದಿದ್ದರೂ ಹೋದೆ. ಶಾಂತಕ್ಕನ ಮಗಳು ಸುಮಾ ಕಾಲೇಜಿಗೆ ಹೋಗುವವಳು, ಮಾವನ ಮೇಲೆ ಬಹಳ ಪ್ರೀತಿಯಿದ್ದವಳು. ಆ ದೋಣಿಯ ಪುಸ್ತಕವನ್ನು ಅವಳಿಗೆ ಕೊಟ್ಟು, ಇದನ್ನು ಓದು ಎಂದೆ. ನಾನು ಇನ್ನೊಬ್ಬರಿಗೆ ಒಂದು ಪುಸ್ತಕ ಓದಲು ಕೊಟ್ಟಿದ್ದು ಅದೇ ಮೊದಲು. ಅವಳು ಪಡಸಾಲೆಯ ಕಂಬಕ್ಕೆ ಒರಗಿ ಓದುತ್ತಿದ್ದಳು. ಊಟ ಮುಗಿಸಿ ಎಲೆ ಅಡಿಕೆ ಹಾಕುತ್ತ ಬಂದ ಕಾಕಾ ರಟ್ಟಿನ ಮೇಲಿನ ಚಿತ್ರ ನೋಡಿದರು. ಬಗ್ಗಿ ಪುಸ್ತಕವನ್ನು ಅವಳ ಕೈಯಿಂದ ಕಿತ್ತುಕೊಂಡರು.

"ಇದನ್ನ ಓದಿನ ಈರಣ್ಣ ಹೊಳಿ ಪಾಲಾದ. ಇನ್ನೊಬ್ಬರನ್ನ ಹಾಕೂದೈತೇನು?" ಎಂದು ನನ್ನ ಕಡೆ ನೋಡಿದರು. ಹೊಳೆಯಿಂದ ಉಳಿದುಬಂದ ಹದಿನಾಲ್ಕು ಜನರಲ್ಲಿ ಒಂಬತ್ತು ಜನ ಪಡಸಾಲೆಯಲ್ಲಿದ್ದರು.

ನಾನು ಎದ್ದು ನಿಂತೆ.

"ಕಾಕಾ, ಅವರು ದಂಡಿ ಮ್ಯಾಲ ನಿಂತಿದ್ರು. ಬರಾಂಗಿಲ್ಲ ಅಂದಿದ್ರು. ಹತ್ತು ಅಂದಾವ್ರು ನೀವು. ಹತ್ರಿ ಅಂದಾಕಿ ನಾನು. ನಕ್ಕಾವ್ರು ಇವರೆಲ್ಲಾ. ಪುಸ್ತಕ ಏನೂ ಅಂದಿದ್ದಿಲ್ಲ. ಅದು ಕೊಡ್ರಿ ಇಲ್ಲಿ."

ಕಾಕಾನ ಬಾಯಲ್ಲಿದ್ದ ಎಲೆ ಅಡಿಕೆ ಅಲ್ಲೇ ನಿಂತಿತು. ಪುಸ್ತಕ ಹಿಡಿದ ಕೈಯನ್ನು ಅವರು ಮುಂದೆ ಚಾಚಲಿಲ್ಲ, ಹಿಂದೆಯೂ ತೆಗೆಯಲಿಲ್ಲ. ನಾನೇ ಹೋಗಿ ತೆಗೆದುಕೊಂಡು ಸುಮಾಳ ಕೈಗೆ ಕೊಟ್ಟೆ. ಶಾಂತಕ್ಕ ನನ್ನನ್ನು ಒಳಗೆ ಕರೆದುಕೊಂಡು ಹೋದರು. ಹಿರಿಯರಿಗೆ ಹಾಗೆ ಅನ್ನಬಾರದಿತ್ತು ಎಂದರು. ಆಮೇಲೆ, "ನನ್ನ ಕೈ ಹಿಡದು ಅಂಚಿಗೆ ಇಟ್ಟಾಂವ ಅಂವಾ. ಅಷ್ಟು ಮಂದಿ ಮುಂದ ಒಂದಿನಾನೂ ನಾ ಬಾಯಿ ತೆಗೀಲಿಲ್ಲ" ಎಂದು ಸೆರಗು ಬಾಯಿಗೆ ಒತ್ತಿಕೊಂಡರು. ನಾನು ಅವರನ್ನು ಸಮಾಧಾನ ಮಾಡಲಿಲ್ಲ. ನನ್ನಿಂದ ಆಗಲಿಲ್ಲ.

ಆ ಮೇಲೆ ಕಾಕಾ ನನ್ನ ಎದುರಿಗೆ ಆ ಕಥೆ ಹೇಳಿಲ್ಲ. ಹಿಂದೆ ಹೇಳುತ್ತಾರೆ ಎಂದು ಗೊತ್ತು. ಹೇಳಲಿ. ಅದಕ್ಕೇ ಇದನ್ನು ಬರೆದು ಪತ್ರಿಕೆಗೆ ಕಳಿಸುತ್ತಿದ್ದೇನೆ. ಅವರ ಕಥೆ ಬಾಯಿಂದ ಬಾಯಿಗೆ ಹೋಗಿದೆ, ನನ್ನದು ಅಚ್ಚಿನಲ್ಲಿ ಇರಲಿ.

ಓದುಗರಿಗೆ ನಾನು ಹೇಳುವುದು ಇಷ್ಟೇ. ನಿಜವಾಗಿ ಹೋಗಿಬಂದವರು ಬರೆದ ಪುಸ್ತಕಗಳನ್ನು ಓದಿ. ಮಕ್ಕಳಿಗೂ ಕೊಡಿ, ಹೆದರಬೇಡಿ. ಸಾಹಸದ ಪುಸ್ತಕ ಎಂದರೆ ಹುಚ್ಚು ಧೈರ್ಯದ ಪುಸ್ತಕ ಎಂದು ಓದದವರು ತಿಳಿದಿದ್ದಾರೆ. ನಾನು ಈಗ ಇಪ್ಪತ್ತಕ್ಕೂ ಹೆಚ್ಚು ಓದಿದ್ದೇನೆ. ಹಗ್ಗವನ್ನು ಎರಡು ಸಲ ಎಳೆದು ನೋಡುವವರು, ನೀರು ಅಳೆದು ಕುಡಿಯುವವರು, ಮೋಡ ನೋಡಿ ಡೇರೆಯಲ್ಲೇ ಕೂರುವವರು, ಇವರೇ ಅದರಲ್ಲಿ ತುಂಬಿದ್ದಾರೆ. ಯಾರೋ ನಕ್ಕರೆಂದು ದೋಣಿ ಹತ್ತಿದವರು ಪುಸ್ತಕ ಬರೆಯಲು ಉಳಿದಿರುವುದಿಲ್ಲ. ಮರುಭೂಮಿಯದನ್ನು ಬೇಸಿಗೆಯಲ್ಲಿ ಓದಿ. ಹಿಮದ್ದನ್ನು ಯಾವಾಗ ಬೇಕಾದರೂ ಓದಿ. ಬೇಸರವಾದರೆ ನಡುವಿನಿಂದ ಶುರುಮಾಡಿ, ತಪ್ಪಿಲ್ಲ. ಇನ್ನೊಬ್ಬರಿಗೆ ಕೊಡುವಾಗ ಕೊನೆ ಮಾತ್ರ ಹೇಳಬೇಡಿ.

ಚನ್ನಪ್ಪನವರು ಈಗಲೂ ಪ್ರತಿ ಸುಗ್ಗಿಯಲ್ಲಿ ಬರುತ್ತಾರೆ. ಅವರು ತಂದದ್ದನ್ನು ನಾನು ಓದುತ್ತೇನೆ, ನಾನು ಕೊಟ್ಟದ್ದನ್ನು ಅವರು ಒಯ್ಯುತ್ತಾರೆ. ರಾಣೆಬೆನ್ನೂರು, ಹಾವೇರಿಯ ಗ್ರಂಥಾಲಯಗಳಲ್ಲಿ, ಹಳೆ ಪುಸ್ತಕದ ಗಾಡಿಗಳಲ್ಲಿ ಬೆಟ್ಟದ ಚಿತ್ರವಿರುವ ಎಲ್ಲವನ್ನೂ ತೆಗೆದು ನೋಡಿದ್ದೇನೆ. ತುದಿ ಮುಟ್ಟದೆ ಹನ್ನೆರಡಕ್ಕೆ ತಿರುಗಿದ ಮೂವರ ಪುಸ್ತಕ ಸಿಕ್ಕಿಲ್ಲ. ಅವರು ಕೆಳಗೆ ಇಳಿದು ಮನೆ ಮುಟ್ಟಿದರೋ ಇಲ್ಲವೋ, ನನಗೆ ಇನ್ನೂ ಗೊತ್ತಿಲ್ಲ.